ಸಾದಿಕ್ ಪಾಷಾ ಎಳೆದ ಸುಣ್ಣದ ಗೆರೆ

ಸಾದಿಕ್ ಪಾಷಾ ಬಯಲಿಗೆ ಬಂದಿದ್ದಾನೆ ಎಂಬುದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತಿತ್ತು. ಶಿಡ್ಲಘಟ್ಟದಲ್ಲಿ ಅವನದು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕಸುಬು. ಬಿಸಿನೀರಿನಲ್ಲಿ ಗೂಡು ಬೇಯುವಾಗ ಏಳುವ ವಾಸನೆ ಆ ಕಸುಬಿನವರ ಬಟ್ಟೆಗೆ, ಕೂದಲಿಗೆ, ಹೆಗಲ ಚೀಲಕ್ಕೆ ಅಂಟಿಕೊಂಡೇ ಇರುತ್ತದೆ. ಭಾನುವಾರ ಬೆಳಿಗ್ಗೆ ಅವನು ಚಿಕ್ಕಬಳ್ಳಾಪುರಕ್ಕೆ ಬಂದು, ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ಬಗ್ಗಿಕೊಂಡು ಸುಣ್ಣದ ಪುಡಿಯಿಂದ ಆಟದ ಗೆರೆ ಎಳೆಯುತ್ತಿದ್ದರೆ, ಮಕ್ಕಳು ಒಬ್ಬೊಬ್ಬರಾಗಿ ಓಡಿಬಂದು ಬೆನ್ನ ಹಿಂದಿನಿಂದ ತಬ್ಬಿಕೊಳ್ಳುತ್ತಿದ್ದರು. ಗೆರೆ ಸೊಟ್ಟಗಾಗುತ್ತಿತ್ತು. ಅವನು ಅದನ್ನು ತಿದ್ದುತ್ತಿರಲಿಲ್ಲ.

ಅವನು ನನ್ನ ಹಳೆಯ ವಿದ್ಯಾರ್ಥಿ. ವಯಸ್ಸು ಐವತ್ತು ದಾಟಿದೆ. ಆದರೂ ನನ್ನ ಬಾಯಲ್ಲಿ ಏಕವಚನವೇ ಬರುತ್ತದೆ. ಶಿಡ್ಲಘಟ್ಟದ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತು ಹೊರಗಿನ ಆಟದ ಬಯಲನ್ನೇ ನೋಡುತ್ತಿದ್ದ. ಆಗಮ ಸಂಧಿ ಯಾವುದು, ಆದೇಶ ಸಂಧಿ ಯಾವುದು ಎಂದು ಕೇಳಿದರೆ ಎದ್ದು ನಿಂತು ಬಹಳ ವಿನಯದಿಂದ, "ಎರಡೂ ಒಳ್ಳೇವೇ ಸಾರ್" ಎನ್ನುತ್ತಿದ್ದ. ತರಗತಿ ನಗುತ್ತಿತ್ತು, ನಾನೂ ನಕ್ಕಿದ್ದೇನೆ. ಫುಟ್‌ಬಾಲ್ ಆಟಕ್ಕೆ ಇಳಿದರೆ ಮಾತ್ರ ಅವನು ಬೇರೆಯೇ ಹುಡುಗ. ಆಳು ಕುಳ್ಳ. ಆದರೆ ಮೂಲೆಯಿಂದ ತೇಲಿ ಬಂದ ಚೆಂಡಿಗೆ ಹಾರಿ ತಲೆ ಕೊಟ್ಟನೆಂದರೆ ಗೋಲು ಕಾಯುವವನು ಸುಮ್ಮನೆ ನೋಡುತ್ತ ನಿಲ್ಲಬೇಕಾಗುತ್ತಿತ್ತು. ಗೌರಿಬಿದನೂರಿನ ಹುಡುಗರು ಅವನಿಗೆ "ಗುಂಡುತಲೆ" ಎಂದು ಹೆಸರಿಟ್ಟಿದ್ದರು. ಅವರನ್ನು ಅವರ ಊರಿನಲ್ಲೇ ಸೋಲಿಸಿ ಬಂದ ಸಂಜೆ, ಹಣೆಯ ಮೇಲೆದ್ದಿದ್ದ ಬುಗುಟನ್ನು ನನ್ನ ಕೈಯಿಂದ ಮುಟ್ಟಿಸಿದ್ದ. ಹತ್ತನೆಯ ತರಗತಿ ಮುಗಿದ ಮೇಲೆ ತಂದೆಯ ಕಸುಬಿಗೆ ಕುಳಿತ. ಆಟ ಅಲ್ಲಿಗೆ ನಿಂತಿತು.

ಮತ್ತೆ ಅವನನ್ನು ಆಟಕ್ಕೆ ಎಳೆದವನು ಚಿಕ್ಕಬಳ್ಳಾಪುರದಲ್ಲಿರುವ ಅವನ ತಂಗಿಯ ಮಗ ಪರ್ವೇಜ್. ಪರ್ವೇಜನಿಗೆ ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ಮಾತು ಬಂದದ್ದು ತಡ, ನಡಿಗೆ ಬಂದದ್ದು ತಡ, ಕಲಿಯುವುದೆಲ್ಲ ನಿಧಾನ. ವಿಶೇಷ ಮಕ್ಕಳ ಶಾಲೆಗೆ ಹೋಗುತ್ತಿದ್ದವನು ವಯಸ್ಸು ಮೀರಿದ ಮೇಲೆ ಮನೆಯಲ್ಲಿ ಟಿ.ವಿ.ಯ ಮುಂದೆ ಕುಳಿತು ಮೈ ಬೆಳೆಸತೊಡಗಿದ. ಸೋದರಮಾವ ಒಂದು ಚೆಂಡು ತಂದ. ಅದೇ ಶಾಲೆಯಿಂದ ಹೊರಬಿದ್ದು, ಅಷ್ಟೇ ಸುಮ್ಮನೆ ಮನೆಯಲ್ಲಿ ಕುಳಿತಿದ್ದ ಇನ್ನೂ ಕೆಲವು ಹುಡುಗ ಹುಡುಗಿಯರಿದ್ದರು. ನಂದಿಯಿಂದ ಒಬ್ಬರು, ಪೇಟೆಯಿಂದ ಇಬ್ಬರು ಎಂದು ಸೇರುತ್ತ ಸೇರುತ್ತ ಒಂದು ತಂಡವಾಯಿತು. ಎಲ್ಲರೂ ಹದಿನೆಂಟು ಇಪ್ಪತ್ತರ ಆಸುಪಾಸಿನವರು. ಅವರ ತಾಯಂದಿರಂತೆ ನಾನೂ ಮಕ್ಕಳು ಎಂದೇ ಕರೆಯುತ್ತೇನೆ.

ನಾನು ಬೆಳಗಿನ ತಿರುಗಾಟಕ್ಕೆಂದು ಹೋದವನು ಅಲ್ಲಿಯೇ ನೀರಿನ ಕ್ಯಾನಿನ ಪಕ್ಕ ಕುಳಿತುಬಿಡುತ್ತಿದ್ದೆ. ಸಾದಿಕ್ ಹೇಳಿಕೊಡುವ ರೀತಿ ನೋಡುವಂತಿತ್ತು. ಒಂದು ಸಲಕ್ಕೆ ಒಂದೇ ಮಾತು. ಮೊದಲು ತಾನು ಮಾಡಿ ತೋರಿಸುವುದು, ಆಮೇಲೆ ಅವರ ಕಾಲು ಹಿಡಿದು ಮಾಡಿಸುವುದು, ಆಮೇಲೆ ಬಿಡುವುದು. ಪ್ರತಿ ಭಾನುವಾರವೂ ಅದೇ ಸಾಲಿನಲ್ಲಿ, ಅದೇ ಮಾತಿನಲ್ಲಿ. ಒಂದು ಪದ ಆಚೀಚೆ ಆದರೆ ಅವರು ತಬ್ಬಿಬ್ಬಾಗುತ್ತಾರೆ ಎಂಬುದನ್ನು ಅವನು ಬೇಗ ಕಂಡುಕೊಂಡಿದ್ದ.

ಗೋಲು ಕಾಯುವವಳು ಮಾಲಾ. ಬಾಯಿ ಜೋರು. ಪರ್ವೇಜ್ ಚೆಂಡು ತಂದವನು ಗೋಲಿಗೆ ಒದೆಯುವ ಬದಲು ನಡುವೆಯೇ ಚೆಂಡನ್ನು ಬಿಟ್ಟು ಅವಳನ್ನು ತಬ್ಬಿಕೊಳ್ಳುತ್ತಿದ್ದ.

"ಸಾರ್, ನೋಡಿ ಸಾರ್ ಇವ್ನ್ನ! ಲೋ, ನಾನು ಎದುರು ಪಾರ್ಟಿ ಕಣೋ! ಎದುರು ಪಾರ್ಟಿನ ಯಾರಾದ್ರೂ ತಬ್ಕೊಂತಾರೇನೋ?"

"ನೀನು ಮಾಲಾ," ಎನ್ನುತ್ತಿದ್ದ ಪರ್ವೇಜ್, ಅಷ್ಟರಲ್ಲೇ ಎಲ್ಲ ಉತ್ತರವೂ ಇದೆ ಎಂಬಂತೆ.

ಇಂತಹ ಗಲಾಟೆಗೆ ಸಾದಿಕನ ಬಳಿ ಇದ್ದದ್ದು ಒಂದೇ ಶಿಕ್ಷೆ. ಹೊಡೆದವರು, ಬೈದವರು, ಮಾತು ಕೇಳದವರು ಸುಣ್ಣದ ಗೆರೆಯಾಚೆ ಹೋಗಿ ಕೂರಬೇಕು. ಮನಸ್ಸು ತಣ್ಣಗಾದ ಮೇಲೆ "ತಪ್ಪಾಯ್ತು" ಎನ್ನಬೇಕು. ಆಗ ಅವನು ತಲೆ ಸವರಿ, "ಬಾ ಒಳಗೆ" ಎನ್ನುತ್ತಾನೆ. ಯಾಕೆ ಮಾಡಿದೆ, ಇನ್ನು ಮಾಡುತ್ತೀಯಾ ಎಂಬ ವಿಚಾರಣೆಯಿಲ್ಲ. ಇಷ್ಟನ್ನು ಅವರಿಗೆ ಕಲಿಸಲು ಒಂದು ವರ್ಷ ಹಿಡಿಯಿತು. ಮೊದಮೊದಲು ಮಾಲಾ ಗೆರೆಯಾಚೆಯಿಂದ ಚಪ್ಪಲಿ ಎಸೆಯುತ್ತಿದ್ದಳು. ಕಲಿತ ಮೇಲೆ ಮಾತ್ರ ಅದು ಅವರ ರಕ್ತದಲ್ಲಿ ಸೇರಿಹೋಯಿತು. ಮನೆಯಲ್ಲಿ ತಟ್ಟೆ ಒಡೆದರೂ ಪರ್ವೇಜ್ ಹೊಸಿಲಾಚೆ ಹೋಗಿ ಕುಳಿತು, "ತಪ್ಪಾಯ್ತು, ಒಳಗೆ ಬರ್ಲಾ?" ಎನ್ನುತ್ತಿದ್ದನಂತೆ. ಸಾದಿಕ್ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಚಿರಂಜೀವಿ ಬಂದದ್ದು ಎಲ್ಲರಿಗಿಂತ ಕೊನೆಗೆ. ಸ್ಕಂದಗಿರಿಯ ಬುಡದ ಕಳವಾರದವನು. ತಂದೆ ಬಯ್ಯಪ್ಪನಿಗೆ ಅಲ್ಲಿ ಟೊಮೇಟೊ ತೋಟ. ತಾಯಿ ರಾಮಲಕ್ಷ್ಮಮ್ಮ ಬಸ್ಸಿನಲ್ಲಿ ಕರೆತರುತ್ತಿದ್ದಳು. ಹುಟ್ಟಿದ ವಾರದಲ್ಲೇ ಯಾರೋ ಕೂಸು ಉಳಿಯುವುದಿಲ್ಲ ಎಂದರಂತೆ. ಹಾಗೆ ಅಂದವರ ಎದುರಿಗೇ ಆಕೆ ಆ ಹೆಸರನ್ನು ಆರಿಸಿಕೊಂಡಳಂತೆ. ಹುಡುಗನಿಗೆ ಕಾಲಿಗೆ ಚೆಂಡು ಸಿಗುತ್ತಿರಲಿಲ್ಲ. ಅವನು ಒದೆಯುವ ಹೊತ್ತಿಗೆ ಚೆಂಡು ಮುಂದೆ ಹೋಗಿರುತ್ತಿತ್ತು. ಪ್ರತಿ ಸಲವೂ ಸೊಂಟದ ಮೇಲೆ ಕೈಯಿಟ್ಟು ಚೆಂಡನ್ನೇ ಗದರಿಸುತ್ತಿದ್ದ: "ಏಯ್, ನಿಂತ್ಕೊ ಅಂದೆ ಅಲ್ವಾ!"

ಒಂದು ದಿನ ಸಾದಿಕ್ ಚೆಂಡನ್ನು ಅವನ ಹಣೆಯ ಎತ್ತರಕ್ಕೆ ಹಿಡಿದು, ತನ್ನ ಹಣೆಯನ್ನು ತಟ್ಟಿ ತೋರಿಸಿ, "ಟಕ್" ಎಂದ. ಹುಡುಗ ಮೆಲ್ಲಗೆ ತಲೆ ತಗಲಿಸಿದ. ಚೆಂಡು ಸಾದಿಕನ ಎದೆಗೆ ಬಂದು ಬಿತ್ತು.

"ಅರೆ ವಾಹ್! ಮತ್ತೆ. ಟಕ್."

ಆ ತಿಂಗಳೆಲ್ಲ ಅದೇ. ಮೊದಲು ಕೈಯಳತೆಯಿಂದ ಎಸೆಯುವುದು, ಆಮೇಲೆ ಎರಡು ಹೆಜ್ಜೆ ಹಿಂದಕ್ಕೆ, ಆಮೇಲೆ ಇನ್ನೂ ದೂರದಿಂದ. ಹಾರುವುದನ್ನೂ ಕಲಿಸಿದ. ಕೊನೆಗೊಂದು ಭಾನುವಾರ ಪರ್ವೇಜ್ ಮೂಲೆಯಿಂದ ಒದ್ದ ಚೆಂಡು ಹೇಗೋ ಗಾಳಿಯಲ್ಲಿ ಎದ್ದು ಬಂತು. ಚಿರಂಜೀವಿ ಕಣ್ಣು ಮುಚ್ಚಿ ತಲೆ ಕೊಟ್ಟ. ಮಾಲಾ ಬಾಯಿ ತೆರೆದುಕೊಂಡು ನೋಡುತ್ತಿರುವಂತೆಯೇ ಗೋಲಾಯಿತು. ಅವನು ಬಯಲಿನಲ್ಲಿದ್ದವರ ಬಳಿಗೆಲ್ಲ ಓಡಿ ಓಡಿ, ಒಬ್ಬೊಬ್ಬರ ಹಣೆಗೂ ತನ್ನ ಹಣೆ ತಾಗಿಸಿದ. ನನಗೂ ತಾಗಿಸಿದ. ಕಡಲೆಕಾಯಿ ಮಾರುವವನನ್ನೂ ಬಿಡಲಿಲ್ಲ. ಸಾದಿಕ್ ನನ್ನ ಪಕ್ಕ ಬಂದು ನಿಂತು, "ಸಾರ್, ನನ್ನ ಆಟ ಇವನ ಹತ್ರ ಇತ್ತು ನೋಡಿ," ಎಂದ.

ಮುಂದಿನ ವರ್ಷ ಬೆಂಗಳೂರಿನಲ್ಲಿ ಇಂತಹ ತಂಡಗಳದೇ ಒಂದು ಪಂದ್ಯಾವಳಿ ಏರ್ಪಾಡಾಯಿತು. ಆಡುವವರೆಲ್ಲರೂ ಕತ್ತಿನ ಎಕ್ಸ್‌ರೇ ತೆಗೆಸಿ ಡಾಕ್ಟರ ಒಪ್ಪಿಗೆ ಪಡೆಯಬೇಕೆಂದು ಅಲ್ಲಿಯವರು ತಿಳಿಸಿದರು. ಯಾಕೆ ಕತ್ತು ಎಂದು ನಮಗಾರಿಗೂ ಗೊತ್ತಿರಲಿಲ್ಲ. ಒಂದು ಟೆಂಪೋ ಮಾಡಿಕೊಂಡು ಎಲ್ಲರನ್ನೂ ಆಸ್ಪತ್ರೆಗೆ ಕರೆದೊಯ್ದೆವು. ಮಕ್ಕಳಿಗೆ ಅದು ಫೋಟೋ ತೆಗೆಸಿಕೊಂಡ ಹಾಗೆ. ಪರ್ವೇಜ್ ಯಂತ್ರದ ಮುಂದೆ ನಿಂತು ಹಲ್ಲು ಬಿಟ್ಟು ನಕ್ಕ.

ಉಳಿದವರದೆಲ್ಲ ಸರಿಯಾಗಿತ್ತು. ಮೂಳೆಯ ಡಾಕ್ಟರು ಚಿರಂಜೀವಿಯ ತಾಯಿಯನ್ನೂ ಸಾದಿಕನನ್ನೂ ಒಳಗೆ ಕರೆದರು. ಹಿರಿಯನೆಂದು ನನ್ನನ್ನೂ ಕೂರಿಸಿಕೊಂಡರು. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಅವರು ಸಾವಧಾನವಾಗಿ ಹೇಳಿದರು: "ಕತ್ತಿನ ಮೇಲ್ತುದಿಯ ಎರಡು ಮೂಳೆ, ನೋಡಿ, ಇಲ್ಲಿ ಸಡಿಲವಾಗಿದೆ. ಡೌನ್ ಸಿಂಡ್ರೋಮ್ ಇರೋರಲ್ಲಿ ಕೆಲವರಿಗೆ ಹೀಗಿರುತ್ತೆ. ಅದರ ನಡುವೆಯೇ ಮೆದುಳಿಂದ ಇಳಿಯೋ ನರದ ಹುರಿ ಇದೆ. ಜೋರಾಗಿ ಬಿದ್ರೆ, ಯಾರಾದ್ರೂ ಗುದ್ದಿದ್ರೆ, ಕೈಕಾಲು ಹೋಗಬಹುದು. ಉಸಿರೇ ನಿಲ್ಲಬಹುದು."

"ಅವನಿಗೆ ನೋವೇನೂ ಇಲ್ವಲ್ಲ ಸಾರ್?" ಎಂದಳು ರಾಮಲಕ್ಷ್ಮಮ್ಮ.

"ಇರಲ್ಲಮ್ಮ. ಅದೇ ಕಷ್ಟ. ಈಗಲೇ ಆಪರೇಷನ್ ಬೇಡ, ಆಗಾಗ ತೋರಿಸ್ತಾ ಇರಿ. ನಡೀಲಿ, ಮನೆ ಕೆಲಸ ಮಾಡ್ಲಿ. ಆಟ ಮಾತ್ರ ಬೇಡ." ಆಮೇಲೆ ಸಾದಿಕನ ಕಡೆ ತಿರುಗಿ, "ತಲೇಲಿ ಚೆಂಡು ಹೊಡೆಸ್ತಿರಲಿಲ್ಲ ತಾನೆ?" ಎಂದು ಕೇಳಿದರು.

ಸಾದಿಕ್ ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಬಿಸಿನೀರಿನಲ್ಲಿ ಆಡಿ ಆಡಿ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. "ಹೊಡೆಸಿದೀನಿ ಸಾರ್," ಎಂದ. "ನಾನೇ ಕಲಿಸಿದ್ದು."

ಡಾಕ್ಟರು ಬೈಯಲಿಲ್ಲ. ಸದ್ಯ ಏನೂ ಆಗಿಲ್ಲವಲ್ಲ ಎಂದಷ್ಟೇ ಹೇಳಿದರು. ಹೊರಗೆ ಚಿರಂಜೀವಿ ಗೋಡೆಗೆ ಒರಗಿ ಮಾಲಾಳಿಗೆ ತನ್ನ ಗೋಲಿನ ಕಥೆಯನ್ನು ಮತ್ತೊಮ್ಮೆ ಹೇಳುತ್ತಿದ್ದ. ಸಾದಿಕನನ್ನು ಕಂಡ ಕೂಡಲೇ ಹಣೆ ಮುಂದೆ ಚಾಚಿದ. ಸಾದಿಕ್ ಅವನ ತಲೆಯನ್ನು ಎರಡು ಕೈಗಳಲ್ಲಿ, ತುಂಬಿದ ಗಡಿಗೆಯನ್ನು ಹಿಡಿಯುವಂತೆ ಹಿಡಿದುಕೊಂಡ.

ಆ ಭಾನುವಾರ ಹುಡುಗನಿಗೆ ತಿಳಿಸಿ ಹೇಳುವ ಪ್ರಯತ್ನ ಮಾಡಿದೆವು. ತಾಯಿ ಹೇಳಿದಳು, ಸಾದಿಕ್ ಹೇಳಿದ, ಕೊನೆಗೆ ನಾನೂ ಹೇಳಿದೆ. ಎಕ್ಸ್‌ರೇ ತೋರಿಸಿದರೆ, "ಇದು ನಾನಲ್ಲ. ನಾನು ಕಪ್ಪಗಿಲ್ಲ," ಎಂದ. ಕತ್ತು ಮುಟ್ಟಿ ನೋಡಿಕೊಂಡು, ನೋವಿಲ್ಲ ಎಂದು ತಲೆಯನ್ನು ಅತ್ತಿತ್ತ ತಿರುಗಿಸಿ ತೋರಿಸಿದ. ರಾಮಲಕ್ಷ್ಮಮ್ಮ ಕಿರುಚಿಕೊಂಡು ಅವನ ತಲೆ ಹಿಡಿದಳು. ಆಟ ಶುರುವಾಯಿತು. ಸಾದಿಕ್ ಅವನ ಕೈ ಹಿಡಿದು ಗೆರೆಯಾಚೆ ಕರೆದುಕೊಂಡು ಹೋಗಿ, "ಇಲ್ಲಿ ಕೂತ್ಕೊ ಬೇಟಾ," ಎಂದ.

ಏನು ಮಾಡುತ್ತಿದ್ದೇವೆ ಎಂಬುದು ಆಗ ನಮಗಾರಿಗೂ ಹೊಳೆಯಲಿಲ್ಲ.

ಹುಡುಗ ಒಂದು ಗಳಿಗೆ ಕುಳಿತ. ಆಮೇಲೆ, "ತಪ್ಪಾಯ್ತು ಸಾರ್," ಎಂದ. ಎದ್ದ. ಗೆರೆ ದಾಟಿ ಒಳಗೆ ಬಂದ.

ಸಾದಿಕ್ ಮತ್ತೆ ಕರೆದೊಯ್ದು ಕೂರಿಸಿದ. "ನಿಂದೇನೂ ತಪ್ಪಿಲ್ಲಪ್ಪ. ನೀನು ತಪ್ಪೇ ಮಾಡಿಲ್ಲ."

"ತಪ್ಪಾಯ್ತು ಸಾರ್." ಮತ್ತೆ ಎದ್ದ.

"ಚಿರಂಜೀವಿ, ಬೇಡಪ್ಪ, ಕೂತ್ಕೊ."

ಈ ಸಲ ಹುಡುಗ ಏಳಲಿಲ್ಲ. ಹುಬ್ಬು ಗಂಟಿಕ್ಕಿ ಯೋಚನೆಗೆ ಬಿದ್ದ. ಬರಿಯ "ತಪ್ಪಾಯ್ತು" ಸಾಲದಿದ್ದರೆ, ತಾನು ಏನೋ ದೊಡ್ಡದನ್ನೇ ಮಾಡಿರಬೇಕು. ಅದನ್ನು ಹುಡುಕತೊಡಗಿದ.

"ಮಾಲಾನ ಬಿಸ್ಕತ್ತು ತಿಂದೆ ಸಾರ್. ತಪ್ಪಾಯ್ತು."

"ಇಲ್ಲಪ್ಪ..."

"ಚೆಂಡು ಮೋರಿಗೆ ಹಾಕ್ದೆ. ನಾನೇ. ಪರ್ವೇಜ್ ಅಲ್ಲ. ತಪ್ಪಾಯ್ತು."

ಆಟ ನಿಂತುಹೋಗಿತ್ತು. ಮಾಲಾ ಗೋಲು ಬಿಟ್ಟು ಬಂದು, "ನಂಗೆ ಬಿಸ್ಕತ್ತು ಬೇಡ ಸಾರ್. ನಾನು ಬಿಟ್ಬಿಟ್ಟೆ. ಒಳಗೆ ಬಿಡಿ ಸಾರ್ ಅವ್ನ್ನ," ಎಂದಳು.

"ಅಪ್ಪನ ಬೀಡಿ ಮುರಿದಾಕ್ದೆ," ಎಂದ ಚಿರಂಜೀವಿ. "ಹಾಸಿಗೇಲಿ ಉಚ್ಚೆ ಹುಯ್ದೆ. ಚಿಕ್ಕೋನಿದ್ದಾಗ. ತಪ್ಪಾಯ್ತು ಸಾರ್. ಒಳಗೆ ಬರ್ಲಾ?"

ರಾಮಲಕ್ಷ್ಮಮ್ಮ ಅವನ ಬಾಯಿಗೆ ಕೈ ಅಡ್ಡ ಇಟ್ಟು, "ವದ್ದು ನಾಯ್ನಾ, ಬೇಡಪ್ಪ, ಸಾಕು," ಎಂದು ತೆಲುಗು ಕನ್ನಡ ಬೆರೆಸಿ ಬೇಡಿಕೊಂಡಳು. ಮನೆಯಲ್ಲಿ ಮುದ್ದು ಮಾಡುವಾಗ ಆಕೆಗೆ ಬರುತ್ತಿದ್ದುದು ತೆಲುಗು. ಸಾದಿಕ್ ಅಂದು ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳುಹಿಸಿದ.

ಆಮೇಲೆ ಅವನು ಮಾಡದ ಉಪಾಯವಿಲ್ಲ. ಹುಡುಗನ ಕೈಗೆ ಸೀಟಿ ಕೊಟ್ಟು, ನೀನೇ ರೆಫರಿ ಎಂದ; ಚಿರಂಜೀವಿ ಸೀಟಿ ಊದಿ, ಅದನ್ನು ಜೇಬಿಗೆ ಹಾಕಿಕೊಂಡು ಆಟಕ್ಕೆ ನುಗ್ಗಿದ. ಎಲ್ಲರೂ ಓಡದೆ ನಡೆದುಕೊಂಡೇ ಆಡೋಣ ಎಂದ. ಮಕ್ಕಳು ಐದು ನಿಮಿಷ ನಡೆದರು, ಚೆಂಡು ಕಂಡ ಮೇಲೆ ಓಡಿದರು, ಪರ್ವೇಜ್ ಹಿಂದಿನಿಂದ ಬಂದು ಚಿರಂಜೀವಿಯ ಮೇಲೆ ಬಿದ್ದ. ಆ ಹೊತ್ತು ಸಾದಿಕ್ ಕೂಗಿದ ಕೂಗಿಗೆ ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಹುಡುಗನಿಗೆ ಏನೂ ಆಗಿರಲಿಲ್ಲ. ಸಾದಿಕ್ ಆ ಉಪಾಯವನ್ನೂ ಅಲ್ಲಿಗೇ ಬಿಟ್ಟ. ಗೆರೆಯನ್ನೇ ಅಳಿಸಿಬಿಟ್ಟರೆ ಹೇಗೆ ಎಂದು ಒಮ್ಮೆ ಕಾಲಿನಿಂದ ಸುಣ್ಣವನ್ನೆಲ್ಲ ಮಣ್ಣಿಗೆ ಬೆರೆಸಿದ. ಮಕ್ಕಳಿಗೆ ಆಟದ ಬಯಲು ಎಲ್ಲಿಗೆ ಮುಗಿಯುತ್ತದೆ ಎಂದೇ ತಿಳಿಯದಾಯಿತು, ಮಾಲಾ ಅತ್ತುಬಿಟ್ಟಳು.

ಕೊನೆಗೊಂದು ಭಾನುವಾರ ತಾನೇ ಹೋಗಿ ಗೆರೆಯಾಚೆ ಚಿರಂಜೀವಿಯ ಪಕ್ಕ ನೆಲದ ಮೇಲೆ ಕುಳಿತ. ಕೋಚ್ ಸಾರೇ ಹೊರಗೆ ಕುಳಿತರೆ ಅದು ಶಿಕ್ಷೆಯ ಜಾಗವಲ್ಲ ಎಂದು ಹುಡುಗನಿಗೆ ಅನ್ನಿಸೀತು ಎಂಬುದು ಅವನ ಎಣಿಕೆ. ನಾನು ಮಾತು ಕೇಳಿಸುವಷ್ಟು ಹತ್ತಿರದಲ್ಲೇ ಇದ್ದೆ.

ಚಿರಂಜೀವಿ ಅವನ ಹತ್ತಿರಕ್ಕೆ ಜರುಗಿದ. ಆಮೇಲೆ ಅವನ ಮೊಣಕಾಲಿನ ಮೇಲೆ ಕೈಯಿಟ್ಟು, ಮೆಲುದನಿಯಲ್ಲಿ, "ನೀವೇನು ಮಾಡಿದ್ರಿ ಸಾರ್?" ಎಂದು ಕೇಳಿದ.

ಸಾದಿಕ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

"ಅಳಬೇಡಿ ಸಾರ್. ತಪ್ಪಾಯ್ತು ಅನ್ನಿ. ಸಾಕು."

"ತಪ್ಪಾಯ್ತು ಕಣಪ್ಪ," ಎಂದ ಸಾದಿಕ್. "ನಂದೇ ತಪ್ಪು."

ಹುಡುಗ ಅವನ ನರೆತ ತಲೆಯನ್ನು ಸವರಿದ. "ಹೋಗಿ ಸಾರ್. ಒಳಗೆ ಹೋಗಿ, ಆಡಿ," ಎಂದು ಬೆನ್ನಿಗೆ ಕೈಕೊಟ್ಟು ಎಬ್ಬಿಸಿದ. ಸಾದಿಕ್ ಎದ್ದು ಗೆರೆ ದಾಟಬೇಕಾಯಿತು. ಹಿಂದಿರುಗಿ ನೋಡಿದಾಗ ಚಿರಂಜೀವಿ ಕಾಲು ಮಡಿಸಿ, ಇನ್ನು ತನ್ನ ಸರದಿ ಎಂಬಂತೆ ಕಾಯುತ್ತ ಕುಳಿತಿದ್ದ.

ಮುಂದಿನ ವಾರದಿಂದ ಅವನು ಬರಲಿಲ್ಲ. ತಾಯಿಯೇ ಬಿಡಿಸಿದಳು. ಬೆಂಗಳೂರಿಗೆ ಹೋಗುವುದೇ ಬೇಡವೆಂದು ಸಾದಿಕ್ ಕೈಚೆಲ್ಲಿ ಕುಳಿತಿದ್ದಾಗ, ಫೋನು ಮಾಡಿ, "ಉಳಿದ ಮಕ್ಕಳು ಏನು ಪಾಪ ಮಾಡಿದ್ರು ಸಾರ್, ಕರ್ಕೊಂಡು ಹೋಗಿ," ಎಂದವಳೂ ಅವಳೇ. ತಂಡ ಹೋಗಿ ಬಂತು. ಹೆಚ್ಚಿನ ಪಂದ್ಯಗಳಲ್ಲಿ ಸೋತರು. ಪರ್ವೇಜ್ ಎದುರು ತಂಡದವರನ್ನೆಲ್ಲ ತಬ್ಬಿಕೊಂಡು ಬಂದ.

ಸಾದಿಕ್ ಮಾತ್ರ ಚಿರಂಜೀವಿಯನ್ನು ಬಿಡಲಿಲ್ಲ. ಭಾನುವಾರದ ಅಭ್ಯಾಸ ಮುಗಿಸಿ, ಬೇಕರಿಯಲ್ಲಿ ಒಂದು ಪೊಟ್ಟಣ ದಿಲ್‌ಪಸಂದ್ ಕಟ್ಟಿಸಿಕೊಂಡು ಕಳವಾರಕ್ಕೆ ಹೋಗಿ, ಹುಡುಗನ ಪಕ್ಕ ಕುಳಿತು ಬರುವುದನ್ನು ರೂಢಿ ಮಾಡಿಕೊಂಡ. ನೀನು ಒಳ್ಳೆಯವನು, ನಿನ್ನ ಮೇಲೆ ನನಗೆ ಕೋಪವಿಲ್ಲ ಎಂಬ ಎರಡು ಮಾತನ್ನು, ಅದೇ ಸಾಲಿನಲ್ಲಿ, ಅದೇ ಪದಗಳಲ್ಲಿ, ಪ್ರತಿ ವಾರವೂ ಹೇಳುತ್ತಿದ್ದನಂತೆ. "ಒಂದು ವರ್ಷ ಹಿಡೀಲಿ ಸಾರ್. ಎಲ್ಲಾನೂ ಹಂಗೇ ಅಲ್ವಾ ಅವರು ಕಲಿತಿದ್ದು?" ಎಂದು ನನ್ನ ಬಳಿ ಹೇಳಿದ್ದ.

ಹೋದ ಚಳಿಗಾಲದಲ್ಲಿ ಒಂದು ಭಾನುವಾರ ನಾನೂ ಅವನ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಹೋದೆ. ಬೆಟ್ಟ ಹತ್ತಿ ಇಳಿದ ಬೆಂಗಳೂರಿನ ಹುಡುಗರು ರಸ್ತೆಯ ಬದಿ ಕಾರು ನಿಲ್ಲಿಸಿಕೊಂಡು ಇಡ್ಲಿ ತಿನ್ನುತ್ತಿದ್ದರು. ರಾಮಲಕ್ಷ್ಮಮ್ಮ ಜಗುಲಿಯ ಮೇಲೆ ಚಾಪೆ ಹಾಸಿ ಕಾಫಿ ಕೊಟ್ಟಳು. ಮನೆಯ ಹಿಂದಿನ ತೋಟದಲ್ಲಿ ಕೊಳವೆಬಾವಿಯ ಮೋಟಾರು ಜೋರಾಗಿ ಓಡುತ್ತಿತ್ತು. ಚಿರಂಜೀವಿ ಅಪ್ಪನ ಜೊತೆ ಅಲ್ಲೇ ಇದ್ದಾನೆ ಎಂದಳು. ಕರೆಯಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಸಾರ್, ಒಂದು ಮಾತು. ತಪ್ಪು ತಿಳ್ಕೋಬೇಡಿ."

"ಹೇಳಮ್ಮ," ಎಂದ ಸಾದಿಕ್.

"ನಿಮ್ಮ ಗಾಡಿ ಸದ್ದು ಊರೊಳಗೆ ಬಂದ್ರೆ ಸಾಕು, ಅವನಿಗೆ ಗೊತ್ತಾಗ್ಬಿಡುತ್ತೆ. ಇವತ್ತು ಬಾವಿ ಮೋಟಾರು ಓಡ್ತಿರೋದಕ್ಕೆ ಕೇಳಿಸಿಲ್ಲ ಅಷ್ಟೆ. ಬೂಟು ಹಾಕ್ಕೊಂಡು ಬಾಗಿಲಿಗೆ ಬಂದು ನಿಂತ್ಕೊಂತಾನೆ. ಇವತ್ತು ಸಾರು ಕರ್ಕೊಂಡು ಹೋಗ್ತಾರೆ ಅಂತ. ನೀವು ಮಾತಾಡಿಸಿ ಹೋಗ್ತೀರಿ. ಆಮೇಲೆ ಬೂಟು ಬಿಚ್ಚಲ್ಲ. ಅದನ್ನ ಹಾಕ್ಕೊಂಡೇ ಮಲಗ್ತಾನೆ. ಅನ್ನ ಮುಟ್ಟಲ್ಲ. ಇನ್ನೂ ಏನೇನು ತಪ್ಪು ಮಾಡಿದೀನಿ ಅಂತ ನನ್ನೇ ಕೇಳ್ತಾನೆ ಸಾರ್. ಏನ್ ಹೇಳ್ಲಿ? ಎರಡು ಮೂರು ದಿನಕ್ಕೆ ಮರೀತಾನೆ. ಅವರಪ್ಪನ ಜೊತೆ ತೋಟಕ್ಕೆ ಹೋಗ್ತಾನೆ, ಹಣ್ಣು ಬಿಡಿಸ್ತಾನೆ, ನಗ್ತಾನೆ. ಅಷ್ಟರಲ್ಲಿ ಮತ್ತೆ ಭಾನುವಾರ ಬರುತ್ತೆ."

ಸಾದಿಕ್ ಲೋಟವನ್ನು ಕೆಳಗಿಟ್ಟ. "ಬರಬೇಡಿ ಅಂತೀಯೇನಮ್ಮ?"

"ಆ ಮಾತು ನನ್ನ ಬಾಯಲ್ಲಿ ಹೆಂಗೆ ಸಾರ್ ಬರುತ್ತೆ. ನೀವು ಅವನಿಗೆ..." ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನೀನು ಹೇಳಬೇಡಮ್ಮ. ನಾನೇ ಹೇಳ್ತೀನಿ. ಬರಲ್ಲ."

ಪೊಟ್ಟಣವನ್ನು ಅವಳ ಕೈಗೆ ಕೊಟ್ಟ. "ಅಂಗಡಿಯಿಂದ ನೀನೇ ತಂದಿದ್ದು ಅನ್ನು," ಎಂದ.

ಅಂಗಳಕ್ಕೆ ಇಳಿಯುವ ಹೊತ್ತಿಗೆ ಕರೆಂಟು ಹೋಯಿತು. ಮೋಟಾರು ಗಕ್ಕನೆ ನಿಂತು ಊರೆಲ್ಲ ನಿಶ್ಶಬ್ದವಾಯಿತು. ತೋಟದ ಕಡೆಯಿಂದ ಬಯ್ಯಪ್ಪ ಏನನ್ನೋ ಹೇಳಿದ್ದು, ಅದಕ್ಕೆ ಚಿರಂಜೀವಿ ಗಟ್ಟಿಯಾಗಿ ನಕ್ಕದ್ದು ಸ್ಪಷ್ಟವಾಗಿ ಕೇಳಿಸಿತು. ನಗುವಿನ ನಡುವೆ, "ಏಯ್ ಅಪ್ಪ, ಹಣ್ಣು ತುಳೀಬ್ಯಾಡ!" ಎಂದು ಗದರಿಸುತ್ತಿದ್ದ.

ಸಾದಿಕ್ ಮೋಟಾರ್ ಸೈಕಲ್ಲಿಗೆ ಕೀಲಿ ಹಾಕಿದವನು ತಿರುಗಿಸಲಿಲ್ಲ. ಸ್ಟ್ಯಾಂಡನ್ನು ಸದ್ದಾಗದಂತೆ ಕಾಲಿನಿಂದ ಮೆಲ್ಲಗೆ ಎತ್ತಿ, ಗಾಡಿಯನ್ನು ತಳ್ಳಿಕೊಂಡು ಹೊರಟ. ಬೀದಿಯಲ್ಲಿ ಕುಳಿತಿದ್ದ ಮುದುಕನೊಬ್ಬ, "ಏನ್ ಸಾಬ್ರೆ, ಪೆಟ್ರೋಲ್ ಆಗೋಯ್ತಾ?" ಎಂದು ಕೇಳಿದ. ಸಾದಿಕ್ ಹೌದೆಂದು ತಲೆಯಾಡಿಸಿದ. ದಾರಿ ಅಲ್ಲಿ ಸ್ವಲ್ಪ ಏರು. ನಾನು ಹಿಂದಿನಿಂದ ಒಂದು ಕೈ ಕೊಟ್ಟೆ. ಊರಿನ ಕೊನೆಯ ಮನೆ ದಾಟಿ, ದ್ರಾಕ್ಷಿ ತೋಟಗಳನ್ನೂ ದಾಟಿ, ಇನ್ನು ಕೇಳಿಸಲಾರದು ಎಂದು ನಾನು ಹೇಳಿದ ಮೇಲೂ ಅವನು ತಳ್ಳುತ್ತಲೇ ಇದ್ದ.